ಮಡ್ಡಿ ಬೇರೆ, ಬೆಲ್ಲ ಬೇರೆ

ಕಳೆದ ತಿಂಗಳು ನಮ್ಮ ಕಾಲೇಜಿನಲ್ಲಿ ಅವರಿಗೊಂದು ಸಂತಾಪ ಸಭೆ ಆಯಿತು. ಹಾರ ಹಾಕಿದ ಫೋಟೋ, ಎರಡು ನಿಮಿಷ ಮೌನ, ಆಮೇಲೆ ಐದು ಜನರ ಭಾಷಣ. ಐವರೂ ‘ಶಿಸ್ತಿನ ಸಿಪಾಯಿ’ ಎಂದರು. ಒಬ್ಬರು ‘ಮಾತು ಒರಟು, ಮನಸ್ಸು ಬೆಣ್ಣೆ’ ಎಂದೂ ಸೇರಿಸಿದರು. ಹಿಂದಿನ ಸಾಲಿನಲ್ಲಿ ಕೂತಿದ್ದ ನನಗೆ ನಗು ಬಂತು. ಆ ಮನಸ್ಸು ಯಾವತ್ತೂ ಬೆಣ್ಣೆಯಾಗಿರಲಿಲ್ಲ. ಆಗಿದ್ದರೆ ನಾನು ಆ ಸಭಾಂಗಣದಲ್ಲಿ ಕೂತಿರುತ್ತಲೇ ಇರಲಿಲ್ಲ. ಅವರು ಮಾಡಿದ್ದೇನು ಎಂದು ಐವರಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ. ಎಲ್ಲರಿಗೂ ಗೊತ್ತಿತ್ತು.

ಅದಕ್ಕೇ ಬರೆಯುತ್ತಿದ್ದೇನೆ. ನಾನು ಮದ್ದೂರಿನ ಒಂದು ಖಾಸಗಿ ಕಾಲೇಜಿನಲ್ಲಿ ಗಣಿತದ ಅತಿಥಿ ಉಪನ್ಯಾಸಕಿ. ಅತಿಥಿ ಎಂದರೆ ವರ್ಷ ವರ್ಷವೂ ಕರೆದರೆ ಬರಬೇಕು, ಕರೆಯದಿದ್ದರೆ ಇಲ್ಲ. ಇದನ್ನು ಬರೆದದ್ದಕ್ಕೆ ಮುಂದಿನ ವರ್ಷ ಕರೆಯದೆ ಇರಬಹುದು. ಕರೆಯದಿದ್ದರೆ ಬೇಡ. ಅವರು ನಮ್ಮ ವಿಭಾಗದ ಮುಖ್ಯಸ್ಥೆಯಾಗಿದ್ದರು. ಹೆಸರು ಹಾಕುವುದಿಲ್ಲ, ಫಲಕಗಳಲ್ಲಿ ಹೆಸರು ಕೆತ್ತಿಸಿಕೊಳ್ಳುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ನಮಗೆಲ್ಲ ಬರೀ ಮೇಡಂ.

ಕುಳ್ಳಗಿನ ಹೆಂಗಸು. ಹತ್ತಿಯ ಸೀರೆ, ಗಂಡಸರ ಕೈಗಡಿಯಾರ, ದಾರ ಕಟ್ಟಿ ಕೊರಳಿಗೆ ಇಳಿಬಿಟ್ಟ ಕನ್ನಡಕ. ಊರು ಹೊಳಲು. ಹೊಳಲಿನಿಂದ ಮಂಡ್ಯಕ್ಕೆ ಸ್ಕೂಟರು, ಮಂಡ್ಯದಿಂದ ಮದ್ದೂರಿಗೆ ರೈಲು. ರೈಲು ತಡವಾದ ದಿನವೂ ಅವರು ತಡವಾಗುತ್ತಿರಲಿಲ್ಲ, ಏಕೆಂದರೆ ಅವರು ಹತ್ತುತ್ತಿದ್ದದ್ದು ಅದರ ಹಿಂದಿನ ರೈಲು. ನಗುವಾಗ ಸದ್ದು ಬರುತ್ತಿರಲಿಲ್ಲ, ಭುಜ ಮಾತ್ರ ಕುಣಿಯುತ್ತಿತ್ತು. ಪಾಠ ಹೇಳುವಾಗ ಅಚ್ಚಿನ ಕನ್ನಡ. ಪಾಠ ಮುಗಿದ ಕ್ಷಣವೇ ಹೊಳಲಿನ ಕನ್ನಡ. ಯಾರೋ ಒಬ್ಬರು ಸ್ಟಾಫ್ ರೂಮಿನಲ್ಲಿ, ಮೇಡಂ, ನಿಮ್ಮ ಮಾತಿನಲ್ಲಿ ಹಕಾರ ಆಗಾಗ ಬಿದ್ದುಹೋಗುತ್ತದಲ್ಲ ಎಂದು ಕೆಣಕಿದ್ದಕ್ಕೆ, “ಆಲು ಅಂದ್ರೂ ಕುಡಿಯೋದೇಯ, ಹಾಲು ಅಂದ್ರೂ ಕುಡಿಯೋದೇಯ. ನೀವು ಮೊನ್ನೆ ಬೋರ್ಡ್ ಮೇಲೆ ಮೈನಸ್ಸು ನುಂಗ್ಬುಟ್ರಲ್ಲ ಸಾ, ಅದ್ನ ಮೊದ್ಲು ಉಗೀರಿ,” ಅಂದಿದ್ದರು.

ನಾನು ಕೆಲಸಕ್ಕೆ ಸೇರಿದ ಮೊದಲ ವಾರ ನನ್ನ ಲ್ಯಾಪ್‌ಟಾಪಿನ ಮುಂದೆ ಬಂದು ನಿಂತರು. ಕಿರುಪರೀಕ್ಷೆಯ ಪ್ರಶ್ನೆಪತ್ರಿಕೆ ಮಾಡುವ ಕೆಲಸ ನನ್ನದಾಗಿತ್ತು. ಪರದೆಯ ಮೇಲೆ ಒಂದೇ ಫೋಲ್ಡರಿನಲ್ಲಿ ನಲವತ್ತು ಫೈಲು ಚೆಲ್ಲಾಡಿಕೊಂಡು ಬಿದ್ದಿದ್ದವು.

“ಏನಮ್ಮಿ ಇದು?”

“ಪ್ರಶ್ನೆಪತ್ರಿಕೆ ಮೇಡಂ.”

“ಇದ್ರಲ್ಲಿ ಪ್ರಶ್ನೆಪತ್ರಿಕೆ ಎಲ್ಲದೆ? ಬರೀ ಮಡ್ಡಿನೇ ಕಾಣ್ತದೆ.” ಬಗ್ಗಿ ಹೆಸರುಗಳನ್ನು ಓದಿದರು. “ಫೈನಲ್, ಹೊಸಾ ಫೈನಲ್, ನಿಜವಾದ ಫೈನಲ್... ವರ್ಲ್ಡ್ ಕಪ್ಪಲ್ಲೂ ಒಂದೇ ಫೈನಲ್ಲು ಕಣಮ್ಮಿ.”

ಅವರ ಅಪ್ಪ ಆಲೆಮನೆಯಲ್ಲಿ ಕೊಪ್ಪರಿಗೆ ಕಾಯುತ್ತಿದ್ದವರು. ಕಬ್ಬಿನ ಹಾಲು ಕುದಿಯುವಾಗ ಮೇಲೆ ಬರುವ ಕೊಳೆ ನೊರೆಯನ್ನು ಜಾಲರಿಯಿಂದ ಎತ್ತಿ ಎತ್ತಿ ಬೇರೆ ಹಾಕಬೇಕು. ಅದೇ ಮಡ್ಡಿ. ಅದು ಬರದೆ ಬೆಲ್ಲವಾಗುವುದಿಲ್ಲ, ಅದು ಉಳಿದರೂ ಬೆಲ್ಲವಾಗುವುದಿಲ್ಲ.

ಗಣಿತದ ಪ್ರಶ್ನೆಪತ್ರಿಕೆಗಳನ್ನು ನಾವು ಮಾಡುತ್ತಿದ್ದದ್ದು ಲೇಟೆಕ್ ಎಂಬ ತಂತ್ರಾಂಶದಲ್ಲಿ. ಅದರಲ್ಲಿ ಟೈಪು ಮಾಡಿದ್ದು ಮಾಡಿದ ಹಾಗೆಯೇ ಪುಟವಾಗಿ ಕಾಣುವುದಿಲ್ಲ. ಬರಹವನ್ನೂ ಸೂಚನೆಗಳನ್ನೂ ಒಂದು ಸಾದಾ ಫೈಲಿನಲ್ಲಿ ಬರೆದು, ಓಡಿಸು ಎಂದು ಆಜ್ಞೆ ಕೊಡಬೇಕು. ಆಗ ಅದು ಕೂತು ಪುಟ ಜೋಡಿಸಿ ಪಿಡಿಎಫ್ ಕೊಡುತ್ತದೆ. ಕೊಡುವಾಗ ಪಕ್ಕದಲ್ಲೇ ಇನ್ನೂ ಎರಡು ಮೂರು ಫೈಲು ಉದುರಿಸುತ್ತದೆ. ಯಾವ ಚಿತ್ರಕ್ಕೆ ಯಾವ ಸಂಖ್ಯೆ ಬಂತು ಎಂದು ಒಂದರಲ್ಲಿ, ಯಾವತ್ತು ಎಷ್ಟು ಗಂಟೆಗೆ ಓಡಿಸಿದರು, ಎಲ್ಲಿ ಎಡವಿತು ಎಂದು ಇನ್ನೊಂದರಲ್ಲಿ. ಮೊದಲ ಸಲ ಓಡಿಸಿದಾಗ ‘ಇಂಥ ಚಿತ್ರ ನೋಡಿ’ ಎಂಬ ಕಡೆ ಸಂಖ್ಯೆ ಅದಕ್ಕೆ ಗೊತ್ತಿರುವುದಿಲ್ಲ. ಎರಡು ಪ್ರಶ್ನಾರ್ಥಕ ಚಿಹ್ನೆ ಹಾಕಿ ಬಿಡುತ್ತದೆ. ಎರಡನೇ ಸಲ ಓಡಿಸಿದರೆ ತಾನೇ ಬರೆದಿಟ್ಟ ಆ ಪಕ್ಕದ ಫೈಲನ್ನು ಓದಿ ಸರಿಯಾದ ಸಂಖ್ಯೆ ತುಂಬುತ್ತದೆ.

ಅವತ್ತು ಮೇಡಂ ನನ್ನ ಕುರ್ಚಿಯಲ್ಲಿ ಕೂತು ಮೂರು ಫೋಲ್ಡರು ಮಾಡಿದರು. ಒಂದರ ಹೆಸರು ಮೂಲ, ಇನ್ನೊಂದರದು ಮಡ್ಡಿ, ಮತ್ತೊಂದರದು ಬೆಲ್ಲ. ನಾಲ್ಕು ಸಾಲಿನ ಒಂದು ಆಜ್ಞೆಯ ಫೈಲು ಬರೆದುಕೊಟ್ಟರು. ಅದನ್ನು ಒತ್ತಿದರೆ ಲೇಟೆಕ್ ತಾನೇ ಎರಡು ಸಲ ಓಡುತ್ತಿತ್ತು, ಉದುರಿದ್ದೆಲ್ಲ ಮಡ್ಡಿಗೆ ಬೀಳುತ್ತಿತ್ತು, ತಯಾರಾದ ಪಿಡಿಎಫ್ ಒಂದು ಮಾತ್ರ ಹೆಸರಿನಲ್ಲಿ ತಾರೀಖು ಹೊತ್ತು ಬೆಲ್ಲಕ್ಕೆ ಹೋಗುತ್ತಿತ್ತು.

“ಮೂಲ ಕೈಯಾರೆ ಬರೆದಿದ್ದು. ಅದ್ನ ಯಾವತ್ತೂ ಅಳುಸ್ಬ್ಯಾಡ. ಬೆಲ್ಲದಲ್ಲಿ ತಪ್ಪು ಕಂಡ್ರೆ ಬೆಲ್ಲ ಕೆರೀಬ್ಯಾಡ, ಮೂಲಕ್ಕೋಗಿ ತಿದ್ದು. ಮಡ್ಡಿ ಬೇಕಾದಾಗ ಎಸಿ, ಮತ್ತೆ ಓಡ್ಸುದ್ರೆ ಮತ್ತೆ ಬತ್ತದೆ. ಗೊತ್ತಾಯ್ತಾ?”

ಪ್ರತಿ ಶುಕ್ರವಾರ ಮಡ್ಡಿ ಫೋಲ್ಡರನ್ನು ಪೂರ್ತಿ ಬರಿದು ಮಾಡಿ ಮೊದಲಿನಿಂದ ಓಡಿಸಿ ತೋರಿಸಬೇಕಿತ್ತು. ಮಡ್ಡಿ ಇಲ್ಲದೆಯೂ ಬೆಲ್ಲ ಬಂದರೆ ಮೂಲ ನೆಟ್ಟಗಿದೆ ಎಂದು ಲೆಕ್ಕ. ಬಾರದಿದ್ದರೆ ಯಾವುದೋ ಹಳೇ ಕಸದ ಮೇಲೆ ನಿಂತು ನಾವು ಜಂಬ ಮಾಡುತ್ತಿದ್ದೇವೆ ಎಂದು. ನನಗೆ ಇದೆಲ್ಲ ಅತಿ ಅನ್ನಿಸುತ್ತಿತ್ತು. ಮನೆಗೆ ಹೋಗುವ ಹೊತ್ತಿನಲ್ಲಿ ಈ ಮಡಿ ಯಾಕೆ ಎಂದು ಗೊಣಗುತ್ತಿದ್ದೆ.

ನನ್ನಂತೆ ಗೊಣಗಿದವರು ಇನ್ನೂ ಇದ್ದರು. ಒಮ್ಮೆ ಎಲ್ಲ ಅಧ್ಯಾಪಕರಿಗೂ ಲೇಟೆಕ್ ಕಲಿಸಲು ಮೇಡಂ ಒಂದು ದಿನದ ತರಬೇತಿ ಇಟ್ಟರು. ಬೆಳಿಗ್ಗೆ ಓಡಿಸುವುದು, ಮಧ್ಯಾಹ್ನದ ಮೇಲೆ ಫೈಲುಗಳನ್ನು ಒಪ್ಪ ಮಾಡುವುದು. ಊಟಕ್ಕೆ ಎದ್ದ ಹಲವರು ವಾಪಸ್ಸು ಬರಲಿಲ್ಲ. ಮೇಡಂ ಉಳಿದ ಆರು ಜನಕ್ಕೆ ಅರವತ್ತು ಜನಕ್ಕೆ ಹೇಳುವ ಗಂಟಲಿನಲ್ಲೇ ಪಾಠ ಮುಗಿಸಿದರು.

ಆ ವರ್ಷ ಪೂರ್ವಸಿದ್ಧತಾ ಪರೀಕ್ಷೆಯ ಗಣಿತದ ಪತ್ರಿಕೆ ಮಾಡುವ ಹೊಣೆ ನಮ್ಮ ವಿಭಾಗಕ್ಕೆ ಬಂತು. ನಮ್ಮ ಆಡಳಿತ ಮಂಡಳಿಗೆ ಮದ್ದೂರಿನಲ್ಲೂ ಮಳವಳ್ಳಿಯಲ್ಲೂ ಕಾಲೇಜುಗಳಿದ್ದವು; ವಾರಕ್ಕೆರಡು ದಿನ ನಾನು ಮಳವಳ್ಳಿಗೂ ಹೋಗಿ ಪಾಠ ಮಾಡುತ್ತಿದ್ದೆ. ಎರಡೂ ಕಾಲೇಜಿಗೆ ಅದೇ ಪತ್ರಿಕೆ. ಮೇಡಂ ಪ್ರಶ್ನೆ ಬರೆದರು, ನಾನು ಕೂರಿಸಿದೆ. ಪಿಡಿಎಫ್ ಯಾರಿಗೂ ಕೊಡಲಿಲ್ಲ. ಅಚ್ಚು ಹಾಕಿದ ಪ್ರತಿಗಳಿಗೆ ಮೊಹರು ಒತ್ತಿ ಬೀರುವಿನಲ್ಲಿಟ್ಟೆವು. ಒಂದು ಪ್ರತಿ ಕಚೇರಿಯ ಕಂಪ್ಯೂಟರಿನಲ್ಲೂ ಇರಬೇಕು ಎಂದು ಪ್ರಾಂಶುಪಾಲರು ಪಟ್ಟು ಹಿಡಿದಾಗ, ಮೇಡಂ ಮೂಲದ ಫೈಲುಗಳನ್ನು ಮಾತ್ರ ಅಲ್ಲಿ ಹಾಕಿದರು. ಒಳ್ಳೆಯ ಪ್ರಿಂಟರು ಕಚೇರಿಯಲ್ಲೇ ಇದ್ದುದರಿಂದ ಅಲ್ಲಿಯೂ ಲೇಟೆಕ್ ಇತ್ತು.

ಪರೀಕ್ಷೆಗೆ ಮೂರು ದಿನ ಮುಂಚೆ, ಸೋಮವಾರ, ಪತ್ರಿಕೆ ವಿದ್ಯಾರ್ಥಿಗಳ ಮೊಬೈಲಿನಲ್ಲಿ ಓಡಾಡುತ್ತಿತ್ತು.

ಪ್ರಾಂಶುಪಾಲರು ನನ್ನನ್ನು ಸ್ಟಾಫ್ ರೂಮಿನಲ್ಲೇ, ಎಲ್ಲರ ಎದುರಿಗೇ ಕೇಳಿದರು. “ಫೈಲು ನಿಮ್ಮ ಲ್ಯಾಪ್‌ಟಾಪಿನಲ್ಲಿತ್ತು. ನೀವು ಮಾರಿಕೊಂಡಿಲ್ಲ ಅಂದರೆ ಇನ್ಯಾರು?” ಮೇಡಂ ಅವತ್ತು ಮಂಡ್ಯದಲ್ಲಿ ಮೌಲ್ಯಮಾಪನದ ಕೆಲಸಕ್ಕೆ ಹೋಗಿದ್ದರು. ಹೇಳಿ ಕಳಿಸುವ ತನಕ ಬರಬೇಡಿ ಎಂದರು ಪ್ರಾಂಶುಪಾಲರು.

ನನ್ನ ಮನೆ ಹತ್ತಿರದ ವೈದ್ಯನಾಥಪುರದಲ್ಲಿ. ಆಟೋದಲ್ಲಿ ಕೂತು ತೊಡೆಯ ಮೇಲೆ ಲ್ಯಾಪ್‌ಟಾಪ್ ತೆರೆದು ನಾನು ಮಾಡಿದ ಕೆಲಸವನ್ನು ಈಗ ನೆನೆದರೂ ಮೈ ಉರಿಯುತ್ತದೆ. ಮೂಲ, ಮಡ್ಡಿ, ಬೆಲ್ಲ ಮೂರನ್ನೂ ಅಳಿಸಿಬಿಟ್ಟೆ. ಕಸದ ಬುಟ್ಟಿಯನ್ನೂ ಖಾಲಿ ಮಾಡಿದೆ. ನನ್ನ ಹತ್ತಿರ ಏನೂ ಇಲ್ಲ ಎಂದಾದರೆ ಯಾರೂ ಏನೂ ಅನ್ನುವ ಹಾಗಿಲ್ಲ ಎಂದು ಆ ಹೊತ್ತಿಗೆ ಅನ್ನಿಸಿತ್ತು.

ಮರುದಿನ ಬೆಳಿಗ್ಗೆ ಎಂಟಕ್ಕೆ ಮೇಡಂ ನಮ್ಮ ಮನೆಯ ಬಾಗಿಲಲ್ಲಿದ್ದರು. ಅವ್ವ ಕಾಫಿ ತಂದುಕೊಟ್ಟು, “ನಮ್ಮುಡುಗಿ ಅಂತೋಳಲ್ಲ ಕಣವ್ವ,” ಎಂದು ಕಣ್ಣೀರು ಹಾಕಿತು.

“ಗೊತ್ತು ಕಣವ್ವ. ಅದ್ನ ಯೋಳಾಕೆ ನೀವು ಅಳ್ಬೇಕಾಗಿಲ್ಲ,” ಎಂದರು. ನನ್ನ ಕಡೆ ತಿರುಗಿ, “ಲ್ಯಾಪ್‌ಟಾಪ್ ತತ್ತಾ.”

ತೆರೆದು ನೋಡಿದರು. ಏನೂ ಇರಲಿಲ್ಲ.

“ಏನ್ ಮಾಡ್ದೆ ಇದ್ನ?”

“ಅಳಿಸಿದೆ ಮೇಡಂ. ಹೆದರಿಕೆ ಆಯ್ತು.”

“ಅಳುಸ್ಬೇಕಾದೋರು ಕದ್ದೋರು. ನೀನ್ಯಾಕಮ್ಮಿ ಅಳುಸ್ದೆ? ಮಡ್ಡಿ ಬ್ಯಾರೆ ಇಡು ಅಂದ್ನೋ, ಮನೆಗೇ ಬೆಂಕಿ ಇಕ್ಕು ಅಂದ್ನೋ? ಅವರ ಕೈಗೆ ನೀನೇ ಕೊಡ್ಲಿ ಕೊಟ್ಯಲ್ಲ!”

ಅವ್ವನ ಎದುರಿಗೇ ಬೈದರು. ನಾನು ರಾಜೀನಾಮೆ ಕೊಟ್ಟುಬಿಡುತ್ತೇನೆ ಎಂದೆ. ಕಾಫಿಯ ಲೋಟ ಕೆಳಗಿಟ್ಟರು.

“ನೀನು ಬುಟ್ಟೋದ್ರೆ ಅವ್ರು ಬರೆದಿದ್ದೇ ನಿಜ ಆಯ್ತದೆ. ಮುಖ ತೊಳ್ಕೊ. ಹತ್ತು ಗಂಟೆಗೆ ಮೀಟಿಂಗು.”

ಆಟೋದಲ್ಲಿ ಬರುವಾಗ ಯಾರೋ ವಿದ್ಯಾರ್ಥಿ ಕಳಿಸಿದ್ದ ಆ ಸೋರಿದ ಪತ್ರಿಕೆಯನ್ನು ತಮ್ಮ ಮೊಬೈಲಿನಲ್ಲಿ ಅಗಲ ಮಾಡಿ ನೋಡುತ್ತಿದ್ದರು. ಇದ್ದಕ್ಕಿದ್ದ ಹಾಗೆ ಭುಜ ಕುಣಿಯತೊಡಗಿತು. ನನ್ನ ಕಣ್ಣ ಮುಂದೆ ಹಿಡಿದರು. ನಾಲ್ಕನೇ ಪ್ರಶ್ನೆ: ‘ಚಿತ್ರ ?? ನೋಡಿ ಉತ್ತರಿಸಿ.’

“ನಾವು ಅಚ್ಚಾಕಿದ್ರಲ್ಲಿ ಇಲ್ಲಿ ಏನದೆ?”

“ಚಿತ್ರ ಒಂದು.”

“ಅಲ್ವಾ? ಇದ್ನ ಓಡ್ಸಿರೋನು ಒಂದೇ ಸಲ ಓಡ್ಸವ್ನೆ. ನಮ್ಮ ಬೆಲ್ಲ ಅಲ್ಲ ಇದು. ಯಾರೋ ಮೂಲ ತಕಂಡು ಅವಸರದಲ್ಲಿ ತಾವೇ ಕಾಯ್ಸವ್ರೆ.” ನನ್ನ ಲ್ಯಾಪ್‌ಟಾಪಿನಲ್ಲೂ ಅವರ ಲ್ಯಾಪ್‌ಟಾಪಿನಲ್ಲೂ ಎರಡು ಸಲ ಓಡಿಸುವ ಆಜ್ಞೆಯೇ ಇದ್ದದ್ದು. ಮೂಲ ಇದ್ದ ಮೂರನೆಯ ಜಾಗ ಒಂದೇ, ಕಚೇರಿಯ ಕಂಪ್ಯೂಟರು.

ಪ್ರಾಂಶುಪಾಲರ ಕೋಣೆಯಲ್ಲಿ ಕಾಗದ ಆಗಲೇ ತಯಾರಾಗಿತ್ತು. ‘ಅತಿಥಿ ಉಪನ್ಯಾಸಕಿಯ ಕೃತ್ಯದಿಂದ ಪತ್ರಿಕೆ ಬಹಿರಂಗವಾಗಿದ್ದು, ಅವರನ್ನು ಕರ್ತವ್ಯದಿಂದ ಬಿಡುಗಡೆ ಮಾಡಲಾಗಿದೆ.’ ಕೆಳಗೆ ವಿಭಾಗದ ಮುಖ್ಯಸ್ಥರ ಸಹಿಗೆ ಜಾಗ. ಸುತ್ತ ನಾಲ್ಕು ಹಿರಿಯ ಅಧ್ಯಾಪಕರು ಕೂತಿದ್ದರು. ಅವರಲ್ಲೊಬ್ಬರು ನಮ್ಮ ವಿಭಾಗದವರೇ. ಮಂಡ್ಯದ ಗುತ್ತಲಿನಲ್ಲಿ ಅವರದೊಂದು ಟ್ಯೂಷನ್ ನಡೆಯುತ್ತಿತ್ತು, ಆಡಳಿತ ಮಂಡಳಿಯ ಕಾರ್ಯದರ್ಶಿಗೆ ಹತ್ತಿರದ ನೆಂಟರು.

ಮೇಡಂ ಕಾಗದವನ್ನು ನಿಂತೇ ಓದಿದರು. ಪೆನ್ನಿನ ಕ್ಯಾಪು ತೆಗೆದರು. ಮತ್ತೆ ಹಾಕಿದರು.

“ಇದಕ್ಕೆ ನಾನು ಸೈನ್ ಆಕಾಕಿಲ್ಲ ಸಾ.”

“ಮೇಡಂ, ಆ ಹುಡುಗಿ ಲ್ಯಾಪ್‌ಟಾಪಿನಲ್ಲಿ ಎಲ್ಲ ಅಳಿಸಿದ್ದಾಳಂತೆ. ಇನ್ನೇನು ಬೇಕು?” ಎಂದರು ಪ್ರಾಂಶುಪಾಲರು. ಅಳಿಸಿದ್ದನ್ನು ನಾನೇ ಹಿಂದಿನ ದಿನ ಸಹೋದ್ಯೋಗಿಯೊಬ್ಬರಿಗೆ ಫೋನಿನಲ್ಲಿ ಅತ್ತುಕೊಂಡು ಹೇಳಿದ್ದೆ.

“ಹೆದರಿ ಅಳಿಸವ್ಳೆ. ದಡ್ಡತನ. ದಡ್ಡತನಕ್ಕೆ ನಾನು ಬೈದಿವ್ನಿ. ಕಳ್ಳತನಕ್ಕೆ ಕಳ್ಳರನ್ನ ಹುಡುಕನ. ಕಚೇರಿ ಕಂಪ್ಯೂಟರ್ ತೆಗ್ಸಿ.”

“ಈಗ ಆಗಲ್ಲ. ಅದು ನಿಧಾನವಾಗಿದೆ ಅಂತ ಮಂಡ್ಯದಿಂದ ಸರ್ವೀಸಿನವನು ಬರ್ತಿದ್ದಾನೆ. ಎರಡು ಗಂಟೆಗೆ ಪೂರ್ತಿ ಅಳಿಸಿ ಹೊಸದಾಗಿ ಹಾಕ್ತಾನೆ.”

“ಯಾರು ಯೋಳಿದ್ದು ನಿಧಾನ ಆಗೈತೆ ಅಂತ?”

ಪ್ರಾಂಶುಪಾಲರು ದನಿ ತಗ್ಗಿಸಿದರು. “ಮೇಡಂ, ನಿಮಗಿನ್ನು ಮೂರೇ ವರ್ಷ ಇರೋದು. ಯಾರೋ ಅತಿಥಿ ಹುಡುಗಿಗೋಸ್ಕರ...”

“ಅತಿಥಿ ಅಂದ್ರೆ ನಮ್ಮೂರ್ನಲ್ಲಿ ಮೊದ್ಲು ಅವ್ರ ಎಲೆಗೆ ಬಡಿಸ್ತಾರೆ ಸಾ,” ಎಂದು ಹೇಳಿ ಮೇಡಂ ಹೊರಟರು.

ಕಚೇರಿಗೆ ಹೋಗಿ ಆ ಕಂಪ್ಯೂಟರಿನ ಮುಂದಿನ ಕುರ್ಚಿ ಎಳೆದುಕೊಂಡು ಕೂತರು. ಕೀಲಿಮಣೆ ಮುಟ್ಟಲಿಲ್ಲ. ಎಲ್ಲರೂ ಬಂದು ನೋಡುವ ತನಕ ತಾನೂ ಮುಟ್ಟುವುದಿಲ್ಲ, ಬೇರೆಯವರಿಗೂ ಮುಟ್ಟಗೊಡುವುದಿಲ್ಲ ಎಂದರು. ಹನ್ನೊಂದಾಯಿತು, ಹನ್ನೆರಡಾಯಿತು. ಒಂದು ಗಂಟೆಗೆ ಡಬ್ಬಿ ಬಿಚ್ಚಿ ಅಲ್ಲೇ ರಾಗಿ ಮುದ್ದೆ ಊಟ ಮಾಡಿದರು. ಪಕ್ಕದ ಸ್ಟೂಲಿನಲ್ಲಿ ಕೂತಿದ್ದ ನನಗೂ ಅರ್ಧ ಮುದ್ದೆ ಕೊಟ್ಟರು. ನಾನು ಅದನ್ನು ಕೈಯಲ್ಲೇ ಹಿಡಿದು ಕೂತೆ. “ತಿನ್ನಮ್ಮಿ. ಹಸ್ಕೊಂಡು ಜಗಳ ಆಡ್ಬಾರ್ದು,” ಎಂದರು. ಕಿಟಕಿಯಲ್ಲಿ ವಿದ್ಯಾರ್ಥಿಗಳು ಸೇರಿದರು. ಎರಡು ಗಂಟೆಗೆ ಬಂದ ಸರ್ವೀಸಿನವನು ಬಾಗಿಲಲ್ಲೇ ನಿಂತು ಒಳಗೂ ಬರಲಾರದೆ ಹೊರಗೂ ಹೋಗಲಾರದೆ ಬ್ಯಾಗು ತಬ್ಬಿಕೊಂಡಿದ್ದ.

ಕಿಟಕಿಯ ಗದ್ದಲ ಹೆಚ್ಚಾದ ಮೇಲೆ ಪ್ರಾಂಶುಪಾಲರು ಬಂದರು. ಹಿಂದೆ ಆ ನಾಲ್ವರೂ ಬಂದರು.

ಮೇಡಂ ಫೋಲ್ಡರು ತೆರೆದರು. ಅವರು ಅಲ್ಲಿ ಇಟ್ಟಿದ್ದು ಎರಡೇ ಫೈಲು: ಒಂದು ಬರಹ, ಒಂದು ಚಿತ್ರ. ಈಗ ಅಲ್ಲಿ ನಾಲ್ಕಿದ್ದವು. ಪಿಡಿಎಫ್ ಇರಲಿಲ್ಲ.

“ನೋಡಿ ಸಾ. ಬೆಲ್ಲ ಎತ್ಕೊಂಡು ಓಗವ್ರೆ. ಮಡ್ಡಿ ಬುಟ್ಟು ಓಗವ್ರೆ.”

ದಿನಚರಿಯಂಥ ಆ ಒಂದು ಫೈಲನ್ನು ತೆರೆದು ಅಕ್ಷರ ದೊಡ್ಡದು ಮಾಡಿದರು. ಮೊದಲ ಸಾಲಿನಲ್ಲೇ ತಾರೀಖು, ಸಮಯ. ಶನಿವಾರ, ಮಧ್ಯಾಹ್ನ ಮೂರೂ ಇಪ್ಪತ್ತು. ಕೆಳಗೆ, ಚಿತ್ರದ ಸಂಖ್ಯೆ ತಿಳಿಯಲಿಲ್ಲ, ಇನ್ನೊಮ್ಮೆ ಓಡಿಸಿ ಎಂಬ ಎಚ್ಚರಿಕೆ.

“ಕಂಪ್ಯೂಟರಿನ ಗಡಿಯಾರ ತಪ್ಪಿರಬಹುದು,” ಎಂದರು ಟ್ಯೂಷನ್ನಿನವರು. ಅದು ಅವರು ಆಡಿದ ಮೊದಲ ಮಾತು.

ಮೇಡಂ ಪರದೆಯ ಮೂಲೆ ತೋರಿಸಿದರು, ಗೋಡೆ ತೋರಿಸಿದರು, ತಮ್ಮ ಕೈ ತೋರಿಸಿದರು. ಮೂರರಲ್ಲೂ ಎರಡೂ ಹತ್ತು.

ಶನಿವಾರ ಮೂರಕ್ಕೆ ನಾನು ಮಳವಳ್ಳಿಯ ಕಾಲೇಜಿನಲ್ಲಿ ತರಗತಿ ತೆಗೆದುಕೊಳ್ಳುತ್ತಿದ್ದೆ. ಹಾಜರಿ ಪುಸ್ತಕದಲ್ಲಿ ಸಹಿ ಇತ್ತು, ಮೂವತ್ತು ಜನ ಹುಡುಗಿಯರು ನನ್ನನ್ನು ನೋಡಿದ್ದರು. ಮೇಡಂ ಅವತ್ತೂ ಮೌಲ್ಯಮಾಪನಕ್ಕೆ ಮಂಡ್ಯದಲ್ಲಿದ್ದರು. ಕಚೇರಿಗೆ ಶನಿವಾರ ಅರ್ಧ ದಿನ; ಒಂದೂವರೆಗೆ ಬೀಗ. ಬೀಗದ ಕೈ ಅಟೆಂಡರ್ ಹತ್ತಿರ. ಇಪ್ಪತ್ತು ವರ್ಷದಿಂದ ಅಲ್ಲಿದ್ದ, ಇನ್ನೂ ಕಾಯಂ ಆಗದ ಮನುಷ್ಯ. ಮೇಡಂ ಅವರನ್ನು ಕರೆದರು.

“ಅಣ್ಣಯ್ಯ, ಶನಿವಾರ ಬೀಗ ಆಕಿದ ಮ್ಯಾಲೆ ಕೈ ಯಾರಾದ್ರೂ ಇಸ್ಕೊಂಡ್ರಾ?”

ಅವರು ಪ್ರಾಂಶುಪಾಲರ ಮುಖ ನೋಡಿದರು. ಟ್ಯೂಷನ್ನಿನವರು ಕೆಮ್ಮಿದರು. ಮೇಡಂ ಅವಸರ ಮಾಡಲಿಲ್ಲ. “ನಿಂಗೂ ಕಷ್ಟ ಅದೆ ಅಂತ ನಂಗೊತ್ತು. ಯೋಳ್ದೆ ಇದ್ರೂ ನಾನು ನಿನ್ನ ಏನೂ ಅನ್ನಾಕಿಲ್ಲ,” ಎಂದರು.

ಅಟೆಂಡರ್ ಹೆಗಲ ಮೇಲಿನ ಟವೆಲ್ಲು ತೆಗೆದು ಮುಖ ಒರೆಸಿಕೊಂಡು ಟ್ಯೂಷನ್ನಿನವರ ಕಡೆ ಕೈ ತೋರಿಸಿದರು. “ಇವ್ರೇ ಇಸ್ಕೊಂಡ್ರು ಕಣಮ್ಮ. ಬ್ಯಾಂಕಿನ ಪಾಸ್‌ಬುಕ್ಕು ಮರ್ತೆ ಅಂದ್ರು. ನಾಕು ಗಂಟೆಗೆ ತಂದ್ಕೊಟ್ರು.”

ಮೇಡಂ ಟ್ಯೂಷನ್ನಿನವರ ಕಡೆ ತಿರುಗಿದರು.

“ಅವತ್ತು ತರಬೇತೀಲಿ ಊಟ ಮಾಡ್ಕೊಂಡು ವಾಪಸ್ ಬಂದಿದ್ರೆ ಸಿಕ್ಕಾಕೊತಿರ್ಲಿಲ್ವಲ್ಲ ಸಾ.”

ಕಿಟಕಿಯ ಆಚೆಯಿಂದ ಯಾರೋ ಕಿಸಕ್ಕನೆ ನಕ್ಕರು. ಪ್ರಾಂಶುಪಾಲರು ಆ ಕಾಗದವನ್ನು ಅಲ್ಲೇ ಹರಿದು ಜೇಬಿಗೆ ಹಾಕಿಕೊಂಡರು.

ನ್ಯಾಯ ಪೂರ್ತಿ ಸಿಕ್ಕಿತು ಎಂದು ಯಾರೂ ತಿಳಿಯಬಾರದು. ಟ್ಯೂಷನ್ನಿನವರು ಒಂದು ತಿಂಗಳು ‘ಆರೋಗ್ಯದ ನಿಮಿತ್ತ’ ರಜೆ ಹಾಕಿದರು, ಆಮೇಲೆ ಬಂದರು. ಅಟೆಂಡರನ್ನು ಕಾಂಪೌಂಡಿನ ಗೇಟಿಗೆ ಹಾಕಿದರು. ನನ್ನನ್ನು ತೆಗೆಯಲಿಲ್ಲ, ಅಷ್ಟೇ. ಎರಡೇ ದಿನದಲ್ಲಿ ನಾನೂ ಮೇಡಂ ಕೂತು ಹೊಸ ಪತ್ರಿಕೆ ಮಾಡಿದೆವು. ಅದನ್ನು ಮುಗಿಸಿದ ದಿನ ಮೇಡಂ, ಶುಕ್ರವಾರವಲ್ಲದಿದ್ದರೂ, ಮಡ್ಡಿ ಬರಿದು ಮಾಡಿಸಿ ಮತ್ತೊಮ್ಮೆ ಓಡಿಸಿದರು. ಈ ಸಲ ನಾನು ಗೊಣಗಲಿಲ್ಲ.

ಆ ಜೂನಿನಲ್ಲಿ ಮೇಡಂಗೆ ಮಳವಳ್ಳಿಯ ಕಾಲೇಜಿಗೆ ವರ್ಗವಾಯಿತು. ಮುಖ್ಯಸ್ಥೆಯ ಹುದ್ದೆ ಇಲ್ಲ, ಮೊದಲ ವರ್ಷದ ತರಗತಿಗಳು ಮಾತ್ರ. ಹೊಳಲಿನಿಂದ ಮಳವಳ್ಳಿ ದೂರ, ಎರಡು ಬಸ್ಸು. ನಾನು ಅಲ್ಲಿಗೆ ವಾರಕ್ಕೆರಡು ದಿನ ಹೋಗುತ್ತಿದ್ದೆನಲ್ಲ, ಹೋದಾಗ, ನನ್ನಿಂದ ಹೀಗಾಯಿತು ಎಂದು ಒಮ್ಮೆ ಹೇಳಿದೆ.

“ನಿನ್ನಿಂದ ಅಲ್ಲ ಕಣಮ್ಮಿ. ಅಷ್ಟು ದೊಡ್ಡೋಳು ಅಂದ್ಕೊಬ್ಯಾಡ ನಿನ್ನ,” ಎಂದರು.

ಅಲ್ಲಿ ಗಣಕ ಪ್ರಯೋಗಾಲಯ ಎಂದರೆ ಬೀಗ ಹಾಕಿದ ಒಂದು ಕೋಣೆ. ಮೇಡಂ ತಮ್ಮ ಲ್ಯಾಪ್‌ಟಾಪನ್ನೇ ಬೆಂಚಿನ ಮೇಲಿಟ್ಟು ಹುಡುಗಿಯರಿಗೆ ಸರದಿಯ ಮೇಲೆ ಲೇಟೆಕ್ ಕಲಿಸಿದರು. ಪ್ರತಿಯೊಬ್ಬಳೂ ತನ್ನ ಗಣಿತದ ಟಿಪ್ಪಣಿಯನ್ನು ತಾನೇ ಪುಸ್ತಕ ಮಾಡಬೇಕು. ಮೂರು ಫೋಲ್ಡರು, ಎರಡು ಓಟ. ಎರಡನೇ ವರ್ಷ ಆ ಕೋಣೆಯ ಬೀಗ ತೆಗೆಸಿದರು. ಹೇಗೆ ಎಂದು ಕೇಳಿದ್ದಕ್ಕೆ, “ದಿನಾ ಕೇಳ್ದೆ,” ಎಂದರು. “ನನ್ನ ಮುಖ ನೋಡಿ ನೋಡಿ ಬ್ಯಾಸರ ಬಂದು ಕೊಟ್ರು.”

ಸೇಡಿನ ಮಾತನ್ನು ಅವರ ಬಾಯಲ್ಲಿ ನಾನು ಕೇಳಲಿಲ್ಲ. ಮರೆತರು ಎಂದೇ ತಿಳಿದಿದ್ದೆ.

ಮೂರು ವರ್ಷಕ್ಕೆ ನಿವೃತ್ತಿ ಬಂತು. ಬೀಳ್ಕೊಡುಗೆಯನ್ನು ಮದ್ದೂರಿನ ಸಭಾಂಗಣದಲ್ಲೇ ಇಟ್ಟಿದ್ದರು. ವೇದಿಕೆಯ ಮೇಲೆ ಕಾರ್ಯದರ್ಶಿ, ಪ್ರಾಂಶುಪಾಲರು. ಎರಡನೇ ಸಾಲಿನಲ್ಲಿ ಟ್ಯೂಷನ್ನಿನವರು. ತಟ್ಟೆಯಲ್ಲಿ ಪೇಟ, ಶಾಲು, ಹಣ್ಣು. ಗುಣಗಾನವಾಯಿತು. ಪ್ರಾಂಶುಪಾಲರು ಶಾಲು ಬಿಡಿಸಿಕೊಂಡು ಹತ್ತಿರ ಬಂದಾಗ ಮೇಡಂ ಕೈ ಅಡ್ಡ ಹಿಡಿದರು.

“ಶಾಲು ಆಮ್ಯಾಕೆ ಹೊದ್ಸಿ ಸಾ. ಒಂದು ಕೆಲಸ ಬಾಕಿ ಅದೆ.”

ಮೈಕಿನ ಮುಂದೆ ಹೋಗಿ ನಿಂತರು. ತರಗತಿಯ ಕನ್ನಡವಲ್ಲ, ಹೊಳಲಿನ ಕನ್ನಡದಲ್ಲೇ ಮಾತಾಡಿದರು.

“ಮೂರು ವರ್ಸದ ಹಿಂದೆ ಈ ಕಾಲೇಜಲ್ಲಿ ಒಬ್ಬ ಹೆಣ್ಮಗಳನ್ನ ಎಲ್ರ ಮುಂದೆ ಕಳ್ಳಿ ಅಂದ್ರು. ಅವ್ಳು ಕಳ್ಳಿ ಅಲ್ಲ ಅಂತ ಆಮೇಲೆ ಗೊತ್ತಾಯ್ತು. ಬರೆದಿದ್ದ ಕಾಗದ ಹರಿದಾಕಿದ್ರು. ಹರಿದಾಕಿದ್ರೆ ಸಾಲ್ದು. ಎಲ್ರ ಮುಂದೆ ಅಂದಿದ್ನ ಎಲ್ರ ಮುಂದೆನೇ ವಾಪಸ್ ತಕಬೇಕು. ತಕಳೋ ತಂಕ ನಾನು ಇಲ್ಲೇ ನಿಂತಿರ್ತೀನಿ. ನಂಗೇನು, ನಾಳೆಯಿಂದ ಕೆಲಸ ಇಲ್ಲ.”

ಹೇಳಿ, ಸುಮ್ಮನೆ ನಿಂತರು. ನಾನು ಕುರ್ಚಿಯಲ್ಲಿ ಕುಗ್ಗಿಹೋದೆ. ಬೇಡ ಮೇಡಂ ಎಂದು ಕೂಗಬೇಕು ಅನ್ನಿಸಿತು. ಕಾರ್ಯದರ್ಶಿ ಮೊಬೈಲು ತೆಗೆದು ನೋಡತೊಡಗಿದರು. ಐದು ನಿಮಿಷವಾಗಿರಬಹುದು. ಅಡುಗೆಯವರು ಬಾಗಿಲಿಗೆ ಬಂದು ಇಣುಕಿ ಹೋದರು. ಮೇಡಂ ನಿಂತೇ ಇದ್ದರು.

ಕೊನೆಗೆ ಪ್ರಾಂಶುಪಾಲರು ವೇದಿಕೆ ಇಳಿದು ನನ್ನ ಸಾಲಿನ ತನಕ ಬಂದರು. ಬಗ್ಗಿ, “ಅವತ್ತು ತಪ್ಪಾಯ್ತಮ್ಮ,” ಎಂದರು. ನನಗಷ್ಟೇ ಕೇಳಿಸುವ ಹಾಗೆ.

“ಕೇಳಿಸ್ಲಿಲ್ಲ ಸಾ,” ವೇದಿಕೆಯಿಂದ ದನಿ ಬಂತು. “ಮೈಕಲ್ಲಿ.”

ಅವರು ಮೆಟ್ಟಿಲು ಹತ್ತಿ ವಾಪಸ್ಸು ಹೋದರು. ಮೇಡಂ ಮೈಕನ್ನು ಅವರ ಎತ್ತರಕ್ಕೆ ಸರಿ ಮಾಡಿಕೊಟ್ಟು ಪಕ್ಕಕ್ಕೆ ನಿಂತರು. “ನಾನು ವಿಚಾರಿಸದೆ ನಮ್ಮ ಉಪನ್ಯಾಸಕಿಯೊಬ್ಬರ ಮೇಲೆ ಆರೋಪ ಹೊರಿಸಿದ್ದೆ. ಅದು ಸುಳ್ಳು. ಅವರ ಕ್ಷಮೆ ಕೇಳುತ್ತೇನೆ,” ಎಂದು ಪ್ರಾಂಶುಪಾಲರು ಹೇಳಿದ್ದು ಸಭಾಂಗಣದ ಹೊರಗಿನ ಹುಣಸೆಮರದ ತನಕ ಕೇಳಿಸಿತು.

ಎಲ್ಲರೂ ನನ್ನ ಕಡೆ ತಿರುಗಿದರು. ಎದ್ದು ನಿಂತೆ. ‘ಪರವಾಗಿಲ್ಲ ಸರ್’ ಎಂಬ ಮಾತು, ಹುಟ್ಟಿದಾಗಿನಿಂದ ಆಡಿ ಆಡಿ ಸವೆದ ಆ ಮಾತು, ನಾಲಿಗೆಯ ತುದಿಗೆ ಬಂದಿತ್ತು. ಮೇಡಂ ಕನ್ನಡಕದ ಮೇಲಿನಿಂದ ನನ್ನನ್ನು ನೋಡುತ್ತಿದ್ದರು. ನಾನು ಆ ಮಾತು ಆಡಲಿಲ್ಲ.

“ಕೇಳಿಸಿತು ಸರ್,” ಎಂದೆ. ಕೂತೆ.